ಊರಿಗೆ ಬಂದು 30 ದಿನವಾದರೆ ಏನು ಕೊಡಬೇಕು? ಯಹೂದಿ ಮಕ್ಕಳಿಗೆ ನ್ಯಾಯ ಕಲಿಸುವ ಬಗೆ

ಪುಸ್ತಕದಹುಳು, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಮೌಲ್ಯ ಕಲಿಸುವುದು ಅಂದರೆ ಕಥೆ ಹೇಳಿ ಕೊನೆಗೊಂದು ನೀತಿ ಸೇರಿಸುವುದು ಅಷ್ಟೇನಾ ಎಂದು ಇಲ್ಲಿ ಒಬ್ಬರು ಕೇಳಿದ್ದರು. ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ಶಾಲೆಯೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ನನ್ನ ಜೊತೆಗಿರುವ ಒಬ್ಬರು ಭಾನುವಾರ ತಮ್ಮ ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಮಕ್ಕಳಿಗೆ ಪಾಠ ಮಾಡುತ್ತಾರೆ. ಅವರ ಪಾಠದ ಹಾಳೆಗಳನ್ನು ಓದಿ, ಅವರನ್ನು ಕೇಳಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬಿಡುವು ಮಾಡಿಕೊಂಡು ಓದಿ.

ನನಗೆ ತುಂಬಾ ಹಿಡಿಸಿದ್ದು ಯಹೂದಿಗಳ ಕಾನೂನು, ಚರ್ಚೆಗಳ ಹಳೆಯ ಗ್ರಂಥವಾದ ತಾಲ್ಮುದ್‌ನ ಬಾವಾ ಬಾತ್ರಾ ಭಾಗದಲ್ಲಿರುವ ಒಂದು ಲೆಕ್ಕ. ಯಾರೋ ಒಬ್ಬ ಹೊಸ ಊರಿಗೆ ಬಂದು ನೆಲೆಸಿದ್ದಾನೆ. ಅವನು ಯಾವಾಗಿನಿಂದ ಆ ಊರಿನವನು? 30 ದಿನ ಕಳೆದರೆ ಹಸಿದವರಿಗಾಗಿ ಊರು ನಡೆಸುವ ಅಡುಗೆಗೆ ಅವನು ಪಾಲು ಕೊಡಬೇಕು. 3 ತಿಂಗಳಾದರೆ ಬಡವರ ನಿಧಿಗೆ ಕೊಡಬೇಕು. 6 ತಿಂಗಳಾದರೆ ಬಟ್ಟೆಯ ನಿಧಿಗೆ, 9 ತಿಂಗಳಾದರೆ ಸತ್ತವರನ್ನು ಮಣ್ಣು ಮಾಡುವ ಖರ್ಚಿಗೆ, 12 ತಿಂಗಳಾದರೆ ಊರಿನ ಗೋಡೆಯ ದುರಸ್ತಿಗೆ. ಆ ಊರಲ್ಲಿ ಮನೆ ಕೊಂಡರೆ ಕಾಯುವ ಮಾತೇ ಇಲ್ಲ, ಅವತ್ತಿನಿಂದಲೇ ಊರಿನವನು.

ನನ್ನ ಸಹೋದ್ಯೋಗಿ ಈ ಐದು ವಿಷಯಗಳನ್ನು ಐದು ಚೀಟಿಯಲ್ಲಿ ಬರೆದು, ಕಲೆಸಿ, ಮಕ್ಕಳ ಮುಂದೆ ಇಡುತ್ತಾರೆ. ನೀವೇ ಜೋಡಿಸಿ ಅನ್ನುತ್ತಾರೆ. ಜಾಸ್ತಿ ಮಕ್ಕಳು ಗೋಡೆಯನ್ನು ಮೊದಲು ಇಡುತ್ತಾರಂತೆ, ಗೋಡೆ ಇಲ್ಲದಿದ್ದರೆ ಶತ್ರುಗಳು ಬರುತ್ತಾರಲ್ವಾ ಎಂದು. ಆಮೇಲೆ ತಾಲ್ಮುದ್‌ನ ಕ್ರಮ ತೋರಿಸುತ್ತಾರೆ. ಅನ್ನ ಮೊದಲು ಯಾಕೆ? ಗೋಡೆ ಕೊನೆಗೆ ಯಾಕೆ? ಇವತ್ತು ನಮ್ಮ ಊರಿಗೆ ಈ ಪಟ್ಟಿ ಬರೆದರೆ ಏನೇನು ಬರಬೇಕು? ಶಾಲೆ? ಬಸ್ಸು? ಆಸ್ಪತ್ರೆ? ಇಡೀ ತರಗತಿ ಇದರಲ್ಲೇ ಮುಗಿಯುತ್ತದೆ. ನೀತಿ ಹೇಳುವುದಕ್ಕೆ ಸಮಯವೇ ಉಳಿಯುವುದಿಲ್ಲ, ಬೇಕಾಗಿಯೂ ಇಲ್ಲ.

ಇನ್ನೊಂದು ಪಾಠ ಹೊಲದ ಮೂಲೆಯದು. ಬೈಬಲ್‌ನ ಯಾಜಕಕಾಂಡ 19ನೇ ಅಧ್ಯಾಯದಲ್ಲಿ ಬರುತ್ತದೆ: ಪೈರು ಕೊಯ್ಯುವಾಗ ಮೂಲೆಯನ್ನು ಪೂರ್ತಿ ಕೊಯ್ಯಬೇಡ, ಬಿದ್ದ ತೆನೆ ಆಯಬೇಡ, ಅದು ಬಡವರಿಗೂ ಪರದೇಶಿಗೂ ಸೇರಿದ್ದು. ತಾಲ್ಮುದ್‌ಗೆ ಬುನಾದಿಯಾದ ನಿಯಮಗಳ ಸಂಗ್ರಹ ಮಿಶ್ನಾ ಇದಕ್ಕೆ ಅಳತೆ ಕೊಡುತ್ತದೆ, ಕನಿಷ್ಠ 60ರಲ್ಲಿ ಒಂದು ಪಾಲು. ಮುಂದಿನ ರಬ್ಬಿಗಳು (ಯಹೂದಿ ಧರ್ಮಗುರುಗಳು) ಮೂಲೆಯನ್ನು ಹೊಲದ ಕೊನೆಯಲ್ಲೇ ಬಿಡಬೇಕು ಎಂದು ಹೇಳಿ ಕಾರಣವನ್ನೂ ಕೊಟ್ಟರು. ಎಲ್ಲಿ, ಯಾವಾಗ ಎಂದು ಗೊತ್ತಿದ್ದರೆ ಬಡವರು ದಿನವಿಡೀ ಕಾದು ಕೂರಬೇಕಾಗಿಲ್ಲ. ರೈತ ತನಗೆ ಬೇಕಾದವರನ್ನು ಕರೆದು ಕೊಡುವಂತೆಯೂ ಇಲ್ಲ. ಯಾರು ಬರುತ್ತಾರೋ ಅವರು ಕೊಯ್ದುಕೊಳ್ಳುತ್ತಾರೆ. ಬಡವರ ಸಮಯಕ್ಕೂ ಬೆಲೆ ಇದೆ ಎಂದು ಅಷ್ಟು ಹಿಂದೆಯೇ ಯೋಚಿಸಿದ್ದಾರಲ್ಲ, ಅದು ನನ್ನ ಮನಸ್ಸನ್ನು ತುಂಬಾ ತಟ್ಟಿತು.

ನಾನು ಹೇಳಬೇಕು ಅಂದುಕೊಂಡದ್ದು ಇಷ್ಟು. ಇಲ್ಲಿ ಕೊಡುವುದು ಒಳ್ಳೆಯ ಮನಸ್ಸಿಗೆ ಬಿಟ್ಟ ವಿಷಯವಲ್ಲ. ಅದಕ್ಕೆ ಅಳತೆ ಇದೆ, ಗಡುವು ಇದೆ, ಲೆಕ್ಕ ಇಡುವವರು ಇದ್ದಾರೆ. ಊರಿನ ನಿಧಿಯನ್ನು ವಸೂಲಿ ಮಾಡಲು ಇಬ್ಬರು ಹೋಗಬೇಕು, ಹಂಚಲು ಮೂವರು ಕೂರಬೇಕು ಎಂಬ ನಿಯಮವೂ ಮಿಶ್ನಾದಲ್ಲಿದೆ. ಮಗುವಿಗೆ ಇದನ್ನು ಕಲಿಸಿದರೆ ಅದು ಒಂದು ಊರಿನ ಪ್ರಜೆಯಾಗಿ ಯೋಚಿಸಲು ಶುರು ಮಾಡುತ್ತದೆ. ನಿಮಗೆ ಏನನ್ನಿಸುತ್ತದೆ?

ಬಾಸ್ಟನ್ ಅಪ್ಪ

ಒಳ್ಳೆಯ ವಿಷಯ ತೆಗೆದಿರಿ ಮೇಡಂ. ನನ್ನ ಮಗಳ ಗೆಳತಿಯ ಬಾತ್ ಮಿತ್ಸ್ವಾಕ್ಕೆ ಹೋಗಿದ್ದೆವು. ಮಗು ಧರ್ಮದ ಹೊಣೆ ಹೊರುವ ವಯಸ್ಸಿಗೆ ಬಂತು ಎಂದು ಮಾಡುವ ಸಮಾರಂಭ ಅದು. ಹುಡುಗಿಯರಿಗೆ 12 ಅಥವಾ 13ಕ್ಕೆ, ಹುಡುಗರಿಗೆ 13ಕ್ಕೆ (ಅವರದು ಬಾರ್ ಮಿತ್ಸ್ವಾ) ಮಾಡುತ್ತಾರೆ. ಬೈಬಲ್‌ನ ಮೊದಲ ಐದು ಪುಸ್ತಕಗಳಾದ ತೋರಾ ಓದುವುದರ ಜೊತೆಗೆ ಈಗ ತುಂಬಾ ಕಡೆ ಮಗು ಒಂದು ಸೇವೆಯ ಕೆಲಸವನ್ನೂ ಆರಿಸಿಕೊಂಡು ಮಾಡಬೇಕು. ಈ ಹುಡುಗಿ, ಬಡವರಿಗೆ ಉಚಿತವಾಗಿ ದಿನಸಿ ಕೊಡುವ ಫುಡ್ ಪ್ಯಾಂಟ್ರಿಯಲ್ಲಿ ಕೆಲಸ ಮಾಡಿದ್ದಳು. ಅವಳು ಅವತ್ತಿನ ಭಾಷಣದಲ್ಲಿ ಡಬ್ಬಿ ಜೋಡಿಸಿದ ಕಥೆಯನ್ನು ಎರಡೇ ವಾಕ್ಯದಲ್ಲಿ ಮುಗಿಸಿದಳು. ಉಳಿದದ್ದೆಲ್ಲ, ಕೆಲಸ ಇರುವ ಜನರೂ ಪ್ಯಾಂಟ್ರಿಗೆ ಯಾಕೆ ಬರಬೇಕಾಗಿದೆ ಎಂಬ ಬಗ್ಗೆ. ಬಾಡಿಗೆ, ಕೂಲಿ, ಔಷಧಿ ಎಲ್ಲ ಬಂತು. ನನ್ನ ಮಗಳು ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಕೇಳುತ್ತಿದ್ದಳು.

ಅಂದಹಾಗೆ, 1985ರಲ್ಲಿ ಮಾಜೋನ್ ಎಂಬ ಯಹೂದಿ ಸಂಸ್ಥೆ ಶುರುವಾಯಿತು. ಮದುವೆ, ಬಾರ್ ಮಿತ್ಸ್ವಾ ಊಟದ ಖರ್ಚಿನಲ್ಲಿ ಶೇ. 3ರಷ್ಟನ್ನು ಹಸಿವು ನೀಗಿಸುವ ಕೆಲಸಕ್ಕೆ ಕೊಡಿ ಎಂಬುದು ಅವರ ಮನವಿಯಾಗಿತ್ತು. ಸಂಭ್ರಮ ಬೇಡ ಅನ್ನುವುದಿಲ್ಲ, ಅದರಲ್ಲೊಂದು ಮೂಲೆ ಬಿಡಿ ಅನ್ನುತ್ತಾರೆ. ನೀವು ಹೇಳಿದ ಹೊಲದ ಪಾಠವೇ ಅಲ್ವಾ ಇದು?

ತುಂಗಾತೀರ, ಶಿವಮೊಗ್ಗ

ನಮ್ಮ ಊರಿನ ಒಬ್ಬರನ್ನು ಇಲ್ಲಿ ನೆನೆಯಲೇಬೇಕು. ಡಾ. ಜೆರುಶಾ ಝಿರಾಡ್. ಹುಟ್ಟಿದ್ದು 1890ರಲ್ಲಿ, ಶಿವಮೊಗ್ಗದಲ್ಲಿ. ಬೆನೆ ಇಸ್ರೇಲ್ ಯಹೂದಿ ಮನೆತನ. ಕೊಂಕಣದಲ್ಲಿ ಎಣ್ಣೆ ತೆಗೆಯುತ್ತಿದ್ದ, ಶನಿವಾರ ಗಾಣ ಹೂಡದ ಕಾರಣಕ್ಕೆ ಶನಿವಾರ ತೇಲಿ ಎಂದು ಕರೆಸಿಕೊಂಡ ಸಮುದಾಯ ಅದು. ಬಾಂಬೆಯಲ್ಲಿ ಡಾಕ್ಟರಿಕೆ ಓದಿ, ಲಂಡನ್‌ಗೆ ಹೋಗಿ 1919ರಲ್ಲಿ ಪ್ರಸೂತಿ ವಿಭಾಗದಲ್ಲಿ ಎಂ.ಡಿ. ಪಡೆದರು. 1928ರಿಂದ 1947ರವರೆಗೆ ಬಾಂಬೆಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆ. ಬಾಂಬೆ ನಗರದಲ್ಲಿ ಹೆರಿಗೆಯ ಹೊತ್ತಿಗೆ ತಾಯಂದಿರು ಯಾಕೆ ಸಾಯುತ್ತಿದ್ದಾರೆ ಎಂದು ತನಿಖೆ ಮಾಡಿ ವರದಿ ಬರೆದರು. ಅದು 1941ರಲ್ಲಿ ಪ್ರಕಟವಾಯಿತು. 1966ರಲ್ಲಿ ಪದ್ಮಶ್ರೀ ಬಂತು.

ಇದೇ ಡಾಕ್ಟರಮ್ಮ 1925ರಲ್ಲಿ ಬಾಂಬೆಯಲ್ಲಿ ಉದಾರವಾದಿ (ಲಿಬರಲ್) ಯಹೂದಿಗಳ ಪ್ರಾರ್ಥನಾ ಸಂಘ ಕಟ್ಟಿದವರಲ್ಲಿ ಮುಂದಾಳು. ದೇವರ ಕೆಲಸ, ಊರಿನ ಕೆಲಸ ಎರಡನ್ನೂ ಒಂದೇ ಕೈಯಲ್ಲಿ ಮಾಡಿದರು. ಶಿವಮೊಗ್ಗದ ಶಾಲೆಗಳಲ್ಲಿ ಅವರ ಹೆಸರು ಕೇಳಿಬರುವುದಿಲ್ಲವಲ್ಲ ಎಂದು ನನಗೆ ತುಂಬಾ ಬೇಸರ.

ಪುಸ್ತಕದಹುಳು, ನ್ಯೂಜೆರ್ಸಿ

ತುಂಗಾತೀರ ಅವರೇ, ಅವರು ಶಿವಮೊಗ್ಗದಲ್ಲಿ ಹುಟ್ಟಿದವರು ಎಂದು ಗೊತ್ತೇ ಇರಲಿಲ್ಲ! ನನ್ನ ಸಹೋದ್ಯೋಗಿಗೆ ಈಗಲೇ ಹೇಳುತ್ತೇನೆ. ತಾಯಂದಿರ ಸಾವನ್ನು ಎಣಿಸಿ, ಕಾರಣ ಹುಡುಕಿ, ಊರಿನ ಮುಂದೆ ಇಟ್ಟರಲ್ಲ, ಮಕ್ಕಳಿಗೆ ತೋರಿಸಬೇಕಾದ ಕೆಲಸ ಅದು.

ಪ್ರಶ್ನೆಗಾರ, ಧಾರವಾಡ

ಎಲ್ಲ ಚೆನ್ನಾಗಿದೆ. ಆದರೆ ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ನಿಧಿ, ಈ ಅನ್ನ, ಎಲ್ಲ ಅವರ ಜನಕ್ಕೆ ಮಾತ್ರ ತಾನೇ? ಹಾಗಿದ್ದರೆ ಅದನ್ನು ಸಾಮಾಜಿಕ ನ್ಯಾಯ ಅಂತ ಹೇಗೆ ಕರೆಯೋದು? ನಮ್ಮವರಿಗೆ ನಾವು ಮಾಡುವುದು ಎಲ್ಲ ಜಾತಿಯಲ್ಲೂ ಇದೆ.

ಪುಸ್ತಕದಹುಳು, ನ್ಯೂಜೆರ್ಸಿ

ಸರಿಯಾದ ಪ್ರಶ್ನೆ ಸರ್. ಅವರ ತರಗತಿಗಳಲ್ಲೂ ಇದೇ ದೊಡ್ಡ ಜಗಳ. ಎರಡು ಕಡೆಗೂ ಹಳೆಯ ಮಾತುಗಳಿವೆ. ನಿನ್ನ ಊರಿನ ಬಡವ ಬೇರೆ ಊರಿನ ಬಡವನಿಗಿಂತ ಮೊದಲು ಎಂದು ತಾಲ್ಮುದ್‌ನ ಒಂದು ಕಡೆ ಇದೆ. ಇನ್ನೊಂದು ಕಡೆ, ಗಿಟ್ಟಿನ್ ಭಾಗದಲ್ಲಿ, ಯಹೂದಿ ಬಡವರ ಜೊತೆಗೆ ಬೇರೆಯವರ ಬಡವರಿಗೂ ಕೊಡಬೇಕು, ಅವರ ರೋಗಿಗಳನ್ನೂ ನೋಡಬೇಕು, ಅವರ ಸತ್ತವರನ್ನೂ ಮಣ್ಣು ಮಾಡಬೇಕು, ಶಾಂತಿಯ ಸಲುವಾಗಿ, ಎಂದಿದೆ. ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ ಎರಡನ್ನೂ ಓದಿಸುತ್ತಾರೆ. ಜೋಡಿಯಾಗಿ ಕೂತು ವಾದ ಮಾಡುತ್ತಾ ಓದುವ ಈ ಪದ್ಧತಿಗೆ ಹವ್ರೂತಾ ಎನ್ನುತ್ತಾರೆ. ಕೈಯಲ್ಲಿ 100 ಡಾಲರ್ ಇದೆ: ಸಿನಗಾಗ್‌ಗೆ ಬರುವ ಒಂದು ಬಡ ಮನೆ, ಪಕ್ಕದ ಬೀದಿಯ ನಿರಾಶ್ರಿತರ ಮನೆ, ದೂರದ ದೇಶದಲ್ಲಿ ನೆರೆ ಬಂದಿರುವ ಊರು. ಹೇಗೆ ಹಂಚುತ್ತೀರಿ? ಉತ್ತರ ಒಂದೇ ಇರಬೇಕಾಗಿಲ್ಲ, ಆದರೆ ಪ್ರತಿ ಪಾಲಿಗೂ ಕಾರಣ ಹೇಳಬೇಕು.

ಇನ್ನೊಂದು ಸಂಗತಿ. ಪರದೇಶಿಯನ್ನು ಪೀಡಿಸಬೇಡ, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎಂಬ ಮಾತು ತೋರಾದಲ್ಲಿ ಮತ್ತೆ ಮತ್ತೆ ಬರುತ್ತದೆ. 36 ಸಲ, ಕೆಲವರ ಪ್ರಕಾರ 46 ಸಲ ಎಂದು ತಾಲ್ಮುದ್ ಲೆಕ್ಕ ಹಾಕಿದೆ. ಪೆಸಾಖ್ ಹಬ್ಬದ ರಾತ್ರಿ ಪ್ರತಿ ಮನೆಯಲ್ಲೂ ಮಗುವೇ ಮೊದಲು ಪ್ರಶ್ನೆ ಕೇಳಬೇಕು, ದೊಡ್ಡವರು ಈಜಿಪ್ಟಿನ ಗುಲಾಮಗಿರಿಯಿಂದ ತಮ್ಮ ಜನ ಹೊರಬಂದ ಕಥೆ ಹೇಳಬೇಕು. ವಲಸೆ ಬಂದವರಿಗೆ ನೆರವಾಗುವ ಹಯಸ್ ಎಂಬ ಸಂಸ್ಥೆ 19ನೇ ಶತಮಾನದ ಕೊನೆಯಲ್ಲಿ ರಷ್ಯಾದಿಂದ ಓಡಿಬಂದ ಯಹೂದಿಗಳಿಗಾಗಿ ನ್ಯೂಯಾರ್ಕ್‌ನಲ್ಲಿ ಹುಟ್ಟಿತು. ಈಗ ಅವರ ನೆರವು ಪಡೆಯುವವರಲ್ಲಿ ಬೇರೆ ಬೇರೆ ದೇಶ, ಬೇರೆ ಬೇರೆ ಧರ್ಮದವರಿದ್ದಾರೆ.

ಕೋಲ್ಕತ್ತ ಕನ್ನಡಿಗ

ಪ್ರಶ್ನೆಗಾರ ಸರ್, ನಮ್ಮ ದೇಶದ್ದೇ ಒಂದು ಉದಾಹರಣೆ. ಇಲ್ಲಿ 1881ರಲ್ಲಿ ಶುರುವಾದ ಯಹೂದಿ ಹೆಣ್ಣುಮಕ್ಕಳ ಶಾಲೆ ಇದೆ. ಊರಲ್ಲಿ ಈಗ ಬೆರಳೆಣಿಕೆಯಷ್ಟೇ ಯಹೂದಿಗಳಿದ್ದಾರೆ. ಶಾಲೆ ಮುಚ್ಚಲಿಲ್ಲ. ಇವತ್ತು ಅಲ್ಲಿ ಓದುವವರಲ್ಲಿ ಬಹುಪಾಲು ಮುಸ್ಲಿಂ ಹುಡುಗಿಯರು. ದಾವೀದನ ನಕ್ಷತ್ರವಿರುವ ಸಮವಸ್ತ್ರ ಹಾಕಿಕೊಂಡು ಹೋಗುತ್ತಾರೆ. ನಾನು ಆ ರಸ್ತೆಯಲ್ಲಿ ಓಡಾಡುವಾಗ ನೋಡುತ್ತಿರುತ್ತೇನೆ.

ಇತಿಹಾಸದ ಮೇಷ್ಟ್ರು, ಹಾಸನ

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಈ ಚರ್ಚೆಗೆ ಇತಿಹಾಸದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಯಾಕಂದರೆ ಮೌಲ್ಯ ಕಲಿಸಲು ಇತಿಹಾಸಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂದು ನಂಬಿದ್ದೇನೆ.

ಅಮೆರಿಕದ ಯಹೂದಿ ಮಹಿಳಾ ದಾಖಲೆ ಸಂಸ್ಥೆಯೊಂದು ಕಾರ್ಮಿಕ ಚಳವಳಿ ಮತ್ತು ನಾಗರಿಕ ಹಕ್ಕುಗಳ ಚಳವಳಿ ಎರಡರ ಬಗ್ಗೆ ಶಿಕ್ಷಕರಿಗೆ ಪಾಠಗಳನ್ನು ತಯಾರಿಸಿದೆ. ಮಕ್ಕಳು ಹಳೆಯ ಕಾಗದ, ಭಾಷಣ, ಫೋಟೊಗಳನ್ನೇ ಓದುತ್ತಾರೆ.

ಮೊದಲು ಕಾರ್ಮಿಕರ ವಿಷಯ. 1909ರ ನವೆಂಬರ್ 22ರಂದು ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಭಾಂಗಣದಲ್ಲಿ ಬಟ್ಟೆ ಹೊಲಿಯುವ ಹುಡುಗಿಯರ ಸಭೆ. ದೊಡ್ಡ ನಾಯಕರು ಗಂಟೆಗಟ್ಟಲೆ ಮಾತಾಡಿದರು. ಕ್ಲಾರಾ ಲೆಮ್‌ಲಿಕ್ ಎಂಬ 23ರ ಹುಡುಗಿ ಎದ್ದು, ಪೂರ್ವ ಯುರೋಪಿನ ಯಹೂದಿಗಳ ಆಡುಮಾತಾದ ಯಿದ್ದಿಶ್ ಭಾಷೆಯಲ್ಲಿ, ಮಾತು ಸಾಕು, ಮುಷ್ಕರ ಹೂಡೋಣ ಎಂದಳು. ಬೀದಿಗೆ ಇಳಿದವರು 20,000ಕ್ಕೂ ಹೆಚ್ಚು. ಎರಡು ವರ್ಷ ಆಗುವ ಮೊದಲೇ, 1911ರ ಮಾರ್ಚ್ 25ರಂದು, ಟ್ರಯಾಂಗಲ್ ಶರ್ಟ್ ಕಾರ್ಖಾನೆಗೆ ಬೆಂಕಿ ಬಿತ್ತು. ಹೊರಬರುವ ಒಂದು ಬಾಗಿಲಿಗೆ ಬೀಗ ಹಾಕಿತ್ತು. 146 ಜನ ಸತ್ತರು. ಹೆಚ್ಚಿನವರು ಯಹೂದಿ ಮತ್ತು ಇಟಾಲಿಯನ್ ವಲಸಿಗರ ಮನೆಯ ಹೆಣ್ಣುಮಕ್ಕಳು.

ಈ ಪಾಠದಲ್ಲಿ ನನಗೆ ಮೆಚ್ಚುಗೆಯಾದದ್ದು ಏನೆಂದರೆ, ಕಾರ್ಖಾನೆಯ ಇಬ್ಬರು ಮಾಲೀಕರೂ ಯಹೂದಿಗಳೇ. ಅವರೂ ವಲಸೆ ಬಂದು ಕಷ್ಟಪಟ್ಟು ಮೇಲೆ ಬಂದವರೇ. ಕೋರ್ಟಿನಲ್ಲಿ ಅವರು ಖುಲಾಸೆಯಾದರು. ಇದನ್ನು ಮಕ್ಕಳಿಂದ ಮುಚ್ಚಿಡುವುದಿಲ್ಲ. ಕೂಲಿಯವನ ಸಂಬಳವನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎಂಬ ಯಾಜಕಕಾಂಡದ ಮಾತನ್ನು ಮಾಲೀಕರೂ ಚಿಕ್ಕಂದಿನಲ್ಲಿ ಕೇಳಿದ್ದವರೇ, ಹಾಗಾದರೆ ಏನಾಯಿತು ಎಂದು ಕೇಳುತ್ತಾರೆ. ತನ್ನ ಸಮುದಾಯವನ್ನೇ ಕಟಕಟೆಯಲ್ಲಿ ನಿಲ್ಲಿಸಿ ಮಕ್ಕಳಿಗೆ ಪಾಠ ಮಾಡುವುದಕ್ಕೆ ಧೈರ್ಯ ಬೇಕು. ನಾವು ನಮ್ಮ ಜಾತಿ ಸಂಘಗಳ ಹಾಸ್ಟೆಲ್‌ಗಳಲ್ಲಿ ಇಂಥ ಪಾಠ ಮಾಡುತ್ತೇವಾ?

ಇನ್ನು ಕಪ್ಪು ಜನರ ನಾಗರಿಕ ಹಕ್ಕುಗಳು. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನ ದೊಡ್ಡ ಮೆರವಣಿಗೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರಿಗಿಂತ ಸ್ವಲ್ಪ ಮೊದಲು ಮಾತಾಡಿದವರು ರಬ್ಬಿ ಯೋಆಖಿಮ್ ಪ್ರಿನ್ಜ್. ಹಿಟ್ಲರನ ಕಾಲದಲ್ಲಿ ಬರ್ಲಿನ್‌ನಲ್ಲಿ ರಬ್ಬಿಯಾಗಿದ್ದವರು, 1937ರಲ್ಲಿ ಅಲ್ಲಿಂದ ಹೊರದಬ್ಬಿಸಿಕೊಂಡವರು. ಆಗ ತಾನು ಕಲಿತ ಮುಖ್ಯ ಪಾಠ ಏನೆಂದರೆ, ದ್ವೇಷಕ್ಕಿಂತಲೂ ನಾಚಿಕೆಗೇಡಿನದು ಸುಮ್ಮನಿರುವುದು ಎಂದು ಹೇಳಿದರು. ಮರುವರ್ಷ ಜೂನ್ 18ರಂದು ಫ್ಲಾರಿಡಾದ ಸೇಂಟ್ ಅಗಸ್ಟಿನ್‌ನಲ್ಲಿ 16 ರಬ್ಬಿಗಳು ಒಟ್ಟಿಗೆ ಬಂಧನಕ್ಕೊಳಗಾದರು. ಕಪ್ಪು ಜನರ ಜೊತೆ ನಿಂತು ಪ್ರಾರ್ಥನೆ ಮಾಡಿದ್ದು, ಜೊತೆಗೆ ಊಟಕ್ಕೆ ಕೂತದ್ದು ಅವರ ಅಪರಾಧ. ಆ ರಾತ್ರಿ ಜೈಲಿನಲ್ಲೇ ಕೂತು, ತಾವು ಯಾಕೆ ಬಂದೆವು ಎಂದು ಕಾಗದ ಬರೆದರು. ಈಗ ಮಕ್ಕಳು ಆ ಕಾಗದವನ್ನು ಓದುತ್ತಾರೆ. ಮೂರೇ ದಿನದಲ್ಲಿ ಮಿಸಿಸಿಪ್ಪಿಯಲ್ಲಿ ಮತದಾರರ ನೋಂದಣಿಗಾಗಿ ದುಡಿಯುತ್ತಿದ್ದ ಮೂವರು ಯುವಕರ ಕೊಲೆಯಾಯಿತು: ಜೇಮ್ಸ್ ಚೇನಿ, ಆಂಡ್ರ್ಯೂ ಗುಡ್‌ಮನ್, ಮೈಕಲ್ ಶ್ವೆರ್ನರ್. ಚೇನಿ ಕಪ್ಪು ಸಮುದಾಯದವನು, ಉಳಿದಿಬ್ಬರು ಯಹೂದಿಗಳು.

ಇಲ್ಲೂ ಇನ್ನೊಂದು ಮುಖ ಇದೆ. ದಕ್ಷಿಣದ ಊರುಗಳಲ್ಲಿ ಅಂಗಡಿ ಇಟ್ಟುಕೊಂಡಿದ್ದ ಯಹೂದಿಗಳು ಹೆದರಿದ್ದರು. 1958ರಲ್ಲಿ ಅಟ್ಲಾಂಟಾದ ಸಿನಗಾಗ್‌ಗೆ ಬಾಂಬ್ ಇಟ್ಟಿದ್ದರು. ನೀವು ಬಂದು ಹೋಗುತ್ತೀರಿ, ಇಲ್ಲೇ ಬಾಳಬೇಕಾದವರು ನಾವು ಎಂದು ಉತ್ತರದಿಂದ ಬಂದವರಿಗೆ ಹೇಳಿದವರಿದ್ದಾರೆ. ಅವರ ಭಯವನ್ನೂ ಮಕ್ಕಳು ಓದಬೇಕು. ಇಲ್ಲದಿದ್ದರೆ ಧೈರ್ಯಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂದು ತಿಳಿಯುವುದಿಲ್ಲ.

ಬಾಸ್ಟನ್ ಅಪ್ಪ

ಮೇಷ್ಟ್ರೇ, ಇದನ್ನು ಓದಿ ಮೈ ಜುಮ್ಮೆಂದಿತು. ಒಂದು ಸಂಗತಿ ಸೇರಿಸುತ್ತೇನೆ. ವಾಷಿಂಗ್ಟನ್‌ನಲ್ಲಿ ಸುಧಾರಣಾವಾದಿ ಯಹೂದಿಗಳ ಧಾರ್ಮಿಕ ಕ್ರಿಯಾ ಕೇಂದ್ರ ಇದೆ. 1964ರ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಮತದಾನ ಹಕ್ಕುಗಳ ಕಾಯ್ದೆ ಎರಡರ ಕರಡಿನ ಭಾಗಗಳು ತಯಾರಾದದ್ದು ಆ ಕಟ್ಟಡದ ಸಭೆಯ ಕೋಣೆಯಲ್ಲಿ. ಈಗ ಅವರು ಹೈಸ್ಕೂಲು ಮಕ್ಕಳನ್ನು ಶುಕ್ರವಾರದಿಂದ ಸೋಮವಾರದವರೆಗೆ ಅಲ್ಲಿಗೆ ಕರೆಸುತ್ತಾರೆ. ಮಕ್ಕಳು ಒಂದು ವಿಷಯ ಆರಿಸಿಕೊಂಡು, ಯಹೂದಿ ಗ್ರಂಥ ಏನು ಹೇಳುತ್ತದೆ, ಮಸೂದೆಯಲ್ಲಿ ಏನಿದೆ ಎರಡನ್ನೂ ಓದುತ್ತಾರೆ. ಸೋಮವಾರ ತಮ್ಮ ರಾಜ್ಯದ ಸಂಸದರ ಕಚೇರಿಗೆ ಹೋಗಿ ತಾವೇ ಬರೆದದ್ದನ್ನು ಹೇಳುತ್ತಾರೆ.

15 ವರ್ಷದ ಹುಡುಗ ಸಂಸದರ ಕಚೇರಿಯ ಬಾಗಿಲು ತಟ್ಟುವುದು! ಜನಪ್ರತಿನಿಧಿ ಅಂದರೆ ಕೆಲಸ ಹೇಳಬೇಕಾದ ಮನುಷ್ಯ ಎಂದು ಆ ವಯಸ್ಸಿಗೇ ಗೊತ್ತಾಗುತ್ತದೆ.

ಓದುಗ, ಲಂಡನ್

ನನ್ನದು ಸ್ವಲ್ಪ ಬೇರೆ ಮಾತು. ನನ್ನ ಪಕ್ಕದ ಮನೆಯವರು ಸಂಪ್ರದಾಯಸ್ಥ ಯಹೂದಿಗಳು. ಸಂಸದರ ಕಚೇರಿ, ಮಸೂದೆ ಎಂದರೆ ಅವರಿಗೆ ಅಷ್ಟು ಹಿಡಿಸುವುದಿಲ್ಲ. ಅವರ ದೂರು ಹೀಗಿದೆ: ನ್ಯಾಯದ ಪಾಠ ಮಾತ್ರ ಉಳಿದು ಶಬ್ಬತ್ (ಶನಿವಾರದ ವಿಶ್ರಾಂತಿಯ ದಿನ) ಹೋಯಿತು, ಹೀಬ್ರೂ ಹೋಯಿತು, ಪ್ರಾರ್ಥನೆ ಹೋಯಿತು. ಆಮೇಲೆ ಆ ಮಗುವಿಗೂ ಯಾವುದೋ ಪಕ್ಷದ ಕಾರ್ಯಕರ್ತನಿಗೂ ಏನು ವ್ಯತ್ಯಾಸ? ಒಂದು ಪಕ್ಷದ ಪ್ರಣಾಳಿಕೆಗೆ ಗ್ರಂಥದ ವಾಕ್ಯ ಅಂಟಿಸಿದರೆ ಅದು ಧರ್ಮದ ಪಾಠ ಆಗುತ್ತದಾ?

ಆದರೆ ಅವರು ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಅವರ ಬೀದಿಯಲ್ಲಿ ಗೆಮಾಖ್‌ಗಳಿವೆ. ಬಡ್ಡಿ ಇಲ್ಲದೆ ಸಾಲ ಕೊಡುವುದು, ಮದುವೆಯ ಬಟ್ಟೆ, ತೊಟ್ಟಿಲು, ಕುರ್ಚಿ ಎರವಲು ಕೊಡುವುದು. ಆಸ್ಪತ್ರೆಯಲ್ಲಿರುವವರ ಮನೆಗೆ ಊಟ ತಲುಪಿಸುವುದು ಮಕ್ಕಳ ಕೆಲಸ. ಮಕ್ಕಳು ನೋಡಿ ಕಲಿಯುತ್ತಾರೆ, ಭಾಷಣ ಬೇಕಾಗಿಲ್ಲ. ನನಗೆ ಈ ದಾರಿಯೇ ಗಟ್ಟಿ ಅನ್ನಿಸುತ್ತದೆ.

ಪುಸ್ತಕದಹುಳು, ನ್ಯೂಜೆರ್ಸಿ

ನಿಮ್ಮ ಪಕ್ಕದ ಮನೆಯವರ ದೂರಿನಲ್ಲಿ ಹುರುಳಿದೆ. ನನ್ನ ಸಹೋದ್ಯೋಗಿಯೂ ಒಪ್ಪುತ್ತಾರೆ. ಗ್ರಂಥವನ್ನು ಕೊನೆಗೆ ಅಲಂಕಾರಕ್ಕೆ ತಂದರೆ ಪಾಠ ಕೆಟ್ಟಿತು ಅನ್ನುತ್ತಾರೆ. ಮೊದಲು ಗ್ರಂಥ ಓದಬೇಕು, ಅದು ನಮಗೆ ಇಷ್ಟವಾಗದ ಮಾತು ಹೇಳಿದರೂ. ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಇರುವ ದತ್ತಿ, ಧಾರ್ಮಿಕ ಸಂಸ್ಥೆಗಳು ಚುನಾವಣೆಯಲ್ಲಿ ಅಭ್ಯರ್ಥಿಯ ಪರ ನಿಲ್ಲಬಾರದು ಎಂಬ ನಿಯಮ 1954ರಲ್ಲೇ ಬಂದಿದೆ. ತರಗತಿಯಲ್ಲೂ ಅವರು ಆ ಗೆರೆ ಇಟ್ಟುಕೊಂಡಿದ್ದಾರೆ: ವಿಷಯ ಚರ್ಚಿಸಬಹುದು, ಯಾರಿಗೆ ಓಟು ಎಂದು ಹೇಳುವಂತಿಲ್ಲ.

ಆದರೆ ಗೆಮಾಖ್ ಒಂದೇ ಸಾಕು ಎಂಬುದನ್ನು ನಾನು ಒಪ್ಪುವುದಿಲ್ಲ. 12ನೇ ಶತಮಾನದ ಯಹೂದಿ ಪಂಡಿತ ಮೈಮೋನಿಡಿಸ್, ಯಹೂದಿಗಳು ಅವರನ್ನು ರಂಬಾಮ್ ಎನ್ನುತ್ತಾರೆ, ಕೊಡುವುದರಲ್ಲಿ ಎಂಟು ಮೆಟ್ಟಿಲು ಹೇಳಿದ್ದಾರೆ. ಮುಖ ಗಂಟಿಕ್ಕಿ ಕೊಡುವುದು ತೀರಾ ಕೆಳಗಿನದು. ಕೊಟ್ಟವರು ಯಾರು, ಪಡೆದವರು ಯಾರು ಎಂದು ಪರಸ್ಪರ ತಿಳಿಯದ ಹಾಗೆ ಕೊಡುವುದು ಮೇಲಿನಿಂದ ಎರಡನೆಯದು. ಎಲ್ಲಕ್ಕಿಂತ ಮೇಲಿನದು, ಸಾಲ ಕೊಟ್ಟೋ ಪಾಲುದಾರನಾಗಿಸಿಕೊಂಡೋ ಕೆಲಸ ಕೊಟ್ಟೋ ಆ ಮನುಷ್ಯ ಇನ್ನೊಬ್ಬರ ಮುಂದೆ ಕೈ ಚಾಚದ ಹಾಗೆ ಮಾಡುವುದು. ಗೆಮಾಖ್ ಈ ಮೆಟ್ಟಿಲಿನದೇ, ನಿಜ. ಆದರೆ ಇವತ್ತು ಒಂದು ಊರಿನ ಸಾವಿರಾರು ಜನ ಕೈ ಚಾಚದ ಹಾಗೆ ಮಾಡಬೇಕಾದರೆ ಕೂಲಿಯ ಕಾನೂನು, ಶಾಲೆ, ಆಸ್ಪತ್ರೆ ಬೇಕು. ಅದನ್ನು ಕೇಳಲು ಊರಿನ ಸಭೆಗೆ ಹೋಗಲೇಬೇಕು. ಊರ ಗೋಡೆಗೆ ಪಾಲು ಕೊಡು ಅಂದವರೂ ಅದೇ ರಬ್ಬಿಗಳಲ್ವಾ?

ಪ್ರಶ್ನೆಗಾರ, ಧಾರವಾಡ

ಇನ್ನೊಂದು ಪ್ರಶ್ನೆ ಕೇಳದೆ ಇದ್ದರೆ ಅಪ್ರಾಮಾಣಿಕತೆ ಆಗುತ್ತದೆ. ಪ್ಯಾಲೆಸ್ಟೀನ್ ವಿಷಯ ಬಂದಾಗ ಈ ನ್ಯಾಯದ ಪಾಠ ಎಲ್ಲಿ ನಿಲ್ಲುತ್ತದೆ?

ಪುಸ್ತಕದಹುಳು, ನ್ಯೂಜೆರ್ಸಿ

ಅವರ ಮನೆಗಳಲ್ಲೇ ಅದರ ಮೇಲೆ ನೋವಿನ ಭಿನ್ನಾಭಿಪ್ರಾಯ ಇದೆ ಸರ್. ಅಪ್ಪ ಮಗಳು ಮಾತು ಬಿಟ್ಟ ಮನೆಗಳೂ ಇವೆ. ನ್ಯಾಯ ಅಂದರೆ ಮೊದಲು ತಮ್ಮವರ ಸುರಕ್ಷತೆ ಅನ್ನುವವರಿದ್ದಾರೆ. ಪರದೇಶಿಯ ಮಾತು ಇಲ್ಲೇ ಮೊದಲು ಅನ್ವಯಿಸಬೇಕು ಅನ್ನುವವರೂ ಇದ್ದಾರೆ. ಇಸ್ರೇಲಿನಲ್ಲಿ 1988ರಲ್ಲಿ ಶುರುವಾದ ಮಾನವ ಹಕ್ಕುಗಳ ರಬ್ಬಿಗಳ ಸಂಘಟನೆ ಆಲಿವ್ ಕೊಯ್ಲಿನ ಕಾಲದಲ್ಲಿ ಪ್ಯಾಲೆಸ್ಟೀನ್ ರೈತರ ಜೊತೆ ತೋಟಕ್ಕೆ ಹೋಗುತ್ತದೆ, ಅವರ ಮೇಲೆ ಹಲ್ಲೆ ಆಗದಿರಲಿ ಎಂದು. ಅವರು ತೋರಿಸುವುದೂ ಅದೇ ತೋರಾ. ಈ ಪ್ರಶ್ನೆಯನ್ನು ಮಕ್ಕಳಿಂದ ಮರೆಮಾಡುವ ತರಗತಿಯನ್ನು ನಾನು ನಂಬುವುದಿಲ್ಲ. ನನ್ನ ಅಭಿಪ್ರಾಯ ಇದು, ಬೇರೆಯವರು ಬೇರೆ ಹೇಳಬಹುದು.

ಹೊಸ ಟೀಚರ್, ಬೆಂಗಳೂರು

ಎಲ್ಲವನ್ನೂ ಓದಿದೆ, ಥ್ಯಾಂಕ್ಸ್. ನಾನು ಐದನೇ ಕ್ಲಾಸಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಬೇರೆ ಧರ್ಮಗಳ ಬಗ್ಗೆ ಹೇಳುವಾಗ ಯಹೂದಿಗಳ ವಿಷಯ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಮೈಸೂರು ರಸ್ತೆಯಲ್ಲಿ ಯಹೂದಿಗಳ ಹಳೆಯ ಸ್ಮಶಾನ ಇದೆ ಎಂದು ಹೇಳಿದರೆ ಮಕ್ಕಳು ಬೆರಗಾಗುತ್ತಾರೆ. ಒಂದೇ ಒಂದು ಪೀರಿಯಡ್ ಸಿಕ್ಕರೆ ಯಾವ ಪಾಠ ಮಾಡಲಿ ಅಕ್ಕ?

ಪುಸ್ತಕದಹುಳು, ನ್ಯೂಜೆರ್ಸಿ

ಐದನೇ ಕ್ಲಾಸಿಗೆ ಹಿಲ್ಲೆಲ್ ಕಥೆ ಮಾಡಿ. ತಾಲ್ಮುದ್‌ನ ಕೆತುಬೋತ್ ಭಾಗದಲ್ಲಿದೆ. ಶ್ರೀಮಂತ ಮನೆತನದವನೊಬ್ಬ ಎಲ್ಲ ಕಳೆದುಕೊಂಡು ಬಡವನಾದ. ಹಿಲ್ಲೆಲ್ ಎಂಬ ದೊಡ್ಡ ಗುರು ಅವನಿಗೆ ಕುದುರೆ ಕೊಡಿಸಿದರು, ಮುಂದೆ ಓಡಲು ಒಬ್ಬ ಆಳನ್ನೂ ಕೊಡಿಸಿದರು. ಒಂದು ದಿನ ಆಳು ಸಿಗಲಿಲ್ಲ. ಹಿಲ್ಲೆಲ್ ತಾವೇ ಆ ಕುದುರೆಯ ಮುಂದೆ ಸುಮಾರು ಮೂರು ಕಿಲೋಮೀಟರ್ ಓಡಿದರು. ಯಾಕೆಂದರೆ ಬಡವನಿಗೆ ಅವನ ಕೊರತೆ ಏನೋ ಅದನ್ನು ಕೊಡು ಎಂದು ತೋರಾ ಹೇಳಿದೆ.

ಇಲ್ಲಿಗೆ ನಿಲ್ಲಿಸಿ, ಇದು ಸರಿಯಾ ಎಂದು ಕೇಳಿ. ಅರ್ಧ ಮಕ್ಕಳು ಕೂಗಾಡುತ್ತಾರೆ: ಬೇರೆಯವರಿಗೆ ಊಟಕ್ಕೇ ಇಲ್ಲ, ಇವನಿಗೆ ಕುದುರೆನಾ? ಇನ್ನರ್ಧ ಮಕ್ಕಳು ಅವನ ಅವಮಾನದ ಬಗ್ಗೆ ಮಾತಾಡುತ್ತಾರೆ. ಆಳು ಯಾರು, ಅವನನ್ನು ಯಾಕೆ ಯಾರೂ ಕೇಳಲಿಲ್ಲ ಎಂದು ಒಂದು ಮಗುವಾದರೂ ಕೇಳುತ್ತದೆ. ಆ ಮಗುವಿಗೆ ಜಾಸ್ತಿ ಸಮಯ ಕೊಡಿ. ಆಮೇಲೆ ಇನ್ನೊಂದು ನಿಯಮ ಹೇಳಿ: ಅವರಿವರ ದಾನದಿಂದ ಬದುಕುವವನೂ ತನ್ನ ಪಾಲಿನದನ್ನು ಇನ್ನೊಬ್ಬರಿಗೆ ಕೊಡಬೇಕು. ಯಾಕಿರಬಹುದು ಎಂಬ ಪ್ರಶ್ನೆ ಇಟ್ಟುಕೊಂಡು ಮನೆಗೆ ಹೋಗಲಿ.

ಎರಡನೇ ಪೀರಿಯಡ್ ಸಿಕ್ಕರೆ ಐದು ಚೀಟಿಯ ಪಾಠ ಮಾಡಿ. ಚೀಟಿಗಳಲ್ಲಿ ಏನು ಬರೆಯಬೇಕು ಎಂದು ಕನ್ನಡದಲ್ಲಿ ಬರೆದು ಸೋಮವಾರದೊಳಗೆ ಇಲ್ಲೇ ಹಾಕುತ್ತೇನೆ. ಮಕ್ಕಳು ಯಾವ ಕ್ರಮದಲ್ಲಿ ಜೋಡಿಸಿದರು ಎಂದು ಮಾತ್ರ ದಯವಿಟ್ಟು ಬಂದು ಹೇಳಿ.